ಇಲ್ಲದ ಪದಕ್ಕೆ ನಾನು ಬರೆದ ಅರ್ಥ

ಆ ಪತ್ರ ಬಂದದ್ದು ಗುರುವಾರ ಎಂದು ನನ್ನ ನೆನಪು. ಬುಧವಾರವೂ ಇರಬಹುದು. ಇಲ್ಲಿ ನಾನು ಹೇಳಲಿರುವುದರಲ್ಲಿ ಅರ್ಧದಷ್ಟಕ್ಕೆ ನನ್ನ ನೆನಪೊಂದೇ ಸಾಕ್ಷಿ, ಆ ಸಾಕ್ಷಿಯನ್ನು ನಾನೇ ಪೂರ್ತಿ ನಂಬುವುದಿಲ್ಲ. ಸಿಟ್ಟಿನ ವಿಷಯದಲ್ಲಿ ಮಾತ್ರ ಸಂಶಯವಿಲ್ಲ. ಅದು ಇವತ್ತಿಗೂ ಆರಿಲ್ಲ.

ಪುಣೆಯ ಹಳೇ ಪೇಟೆಯಲ್ಲಿ ಒಂದು ಕಿರಿದಾದ ಮೆಟ್ಟಿಲು ಹತ್ತಿ ಹೋದರೆ ಸಿಗುವ ಪ್ರಕಾಶಕರ ಕಚೇರಿಯಲ್ಲಿ ನಾನು ಒಂಬತ್ತು ವರ್ಷ ಪದಗಳ ಪಟ್ಟಿ ಮಾಡಿದೆ. ಸ್ಪರ್ಧಾ ಪರೀಕ್ಷೆಗೆ ಕೂರುವ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಪದಗಳ ಪುಸ್ತಕ. ಒಂದೇ ಅಕ್ಷರಗಳಿಂದ ಶುರುವಾಗುವ ಪದಗಳನ್ನು ಒಂದು ಕಡೆ ಕೂಡಿಸುವುದು, ಎಡಗಡೆ ಎಲ್ಲರಿಗೂ ಗೊತ್ತಿರುವವು, ಬಲಗಡೆ ಯಾರೂ ಕೇಳಿರದವು, ಪಕ್ಕದಲ್ಲಿ ಮರಾಠಿ ಅರ್ಥ. ಬೆಳಗಾವಿ, ಧಾರವಾಡದ ಕಡೆ ಹೋಗುವ ಪ್ರತಿಗಳಲ್ಲಿ ಕನ್ನಡ ಅರ್ಥವೂ ಇರುತ್ತಿತ್ತು. ನಾನು ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರ ಓದಿದವನು. ಅಲ್ಲಿ ಎರಡು ವರ್ಷ ನನಗೆ ಕಲಿಸಿದ್ದು ಒಂದೇ: ಯಾವುದನ್ನೂ ಪುರಾವೆ ಇಲ್ಲದೆ ಒಪ್ಪಬೇಡ. ಹೊರಗೆ ಬಂದು ಮಾಡಿದ ಕೆಲಸ, ಯಾವ ಪುರಾವೆಯನ್ನೂ ಕೇಳದ ಮಕ್ಕಳಿಗೆ ಪಟ್ಟಿ ಕೊಡುವುದು.

ಕೆಲಸದ ರೀತಿ ಹೀಗಿತ್ತು. ಒಂದೊಂದು ಪದವನ್ನೂ ಅದರ ಅರ್ಥವನ್ನೂ ಒಂದೊಂದು ಚೀಟಿಯ ಮೇಲೆ ಕೈಯಲ್ಲಿ ಬರೆಯುತ್ತಿದ್ದೆ. ಅದನ್ನು ಟೈಪ್ ಮಾಡುತ್ತಿದ್ದವರು ಒಬ್ಬ ಹೆಂಗಸು. ಬೆಳಗಾವಿ ಸೀಮೆಯವರು, ತಳೇಗಾಂವದಿಂದ ದಿನಾ ಲೋಕಲ್ ರೈಲಿನಲ್ಲಿ ಬರುವವರು. ನಾನು ಸೇರುವುದಕ್ಕೂ ಐದು ವರ್ಷ ಮೊದಲಿಂದ ಅಲ್ಲಿದ್ದರು. ಮೂರೂ ಭಾಷೆಯನ್ನು ಕೀಲಿಮಣೆ ನೋಡದೆ ಹೊಡೆಯುತ್ತಿದ್ದರು. ನಾವೆಲ್ಲ ಅವರನ್ನು ಬಾಯಾರ ಎನ್ನುತ್ತಿದ್ದೆವು. ಟೈಪ್ ಆದ ಚೀಟಿಯನ್ನು ಅವರು ಚಪ್ಪಲಿಯ ಡಬ್ಬಿಯಲ್ಲಿ ಅಕ್ಷರಗಳ ಪ್ರಕಾರ ಇಡುತ್ತಿದ್ದರು. ಹದಿನಾಲ್ಕು ವರ್ಷದ ಚೀಟಿಗಳು, ಒಂದೂ ಕಳೆದಿರಲಿಲ್ಲ.

ಒಂದು ಬಗೆಯ ಚೀಟಿ ಬಿಟ್ಟು. ಪದಕೋಶದ ಕಸುಬಿನಲ್ಲಿ ಹಳೆಯ ಪದ್ಧತಿಯೊಂದಿದೆ. ನಿಮ್ಮ ಪಟ್ಟಿಯನ್ನು ಬೇರೆಯವರು ಕದ್ದು ಅಚ್ಚು ಹಾಕಿದರೆ ಸಾಬೀತು ಮಾಡುವುದು ಹೇಗೆ? ಪದಗಳು ಯಾರ ಸ್ವತ್ತೂ ಅಲ್ಲವಲ್ಲ. ಅದಕ್ಕೆ ಪಟ್ಟಿಯ ನಡುವೆ, ಬಲಗಡೆಯ ಅಪರೂಪದ ಪದಗಳ ಗುಂಪಿನಲ್ಲಿ, ಜಗತ್ತಿನಲ್ಲೇ ಇಲ್ಲದ ಒಂದು ಪದವನ್ನು ಹುಟ್ಟಿಸಿ, ಅರ್ಥ ಬರೆದು ಕೂರಿಸುವುದು. ಕದ್ದವನ ಪುಸ್ತಕದಲ್ಲಿ ಅದೂ ಬಂದರೆ ಸಿಕ್ಕಿಬಿದ್ದ. ಈ ಗಾಳದ ಪದಗಳ ಸಂಗತಿ ನನಗೆ ಮತ್ತು ಮಾಲೀಕರಿಗೆ ಮಾತ್ರ ಗೊತ್ತು. ಎಲ್ಲಿಯೂ ಬರೆದಿಡುವಂತಿಲ್ಲ, ಬರೆದರೆ ಹೊರಗೆ ಹೋಗುತ್ತದೆ ಎಂದು ಮಾಲೀಕರ ಹಟ. ಟೈಪ್ ಆದ ಮೇಲೆ ಆ ಚೀಟಿಯನ್ನು ನಾನು ಏನಾದರೂ ನೆಪ ಹೇಳಿ ವಾಪಸು ತೆಗೆದುಕೊಂಡು ಹರಿದು ಹಾಕಬೇಕು. ಎಷ್ಟು ಪದ ಹುಟ್ಟಿಸಿದೆ, ಯಾವ ಪಟ್ಟಿಯಲ್ಲಿ, ಎಲ್ಲವೂ ನನ್ನ ತಲೆಯಲ್ಲಿ. ಒಂಬತ್ತು ವರ್ಷದ ಸುಳ್ಳನ್ನು ನೆನಪಿಡುವ ಕೆಲಸಕ್ಕೆ ನನ್ನಂಥವನನ್ನೇ ಆರಿಸಿದ್ದರು!

ಪತ್ರ ಬರೆದದ್ದು ಪಿಂಪ್ರಿ-ಚಿಂಚವಾಡದ ಒಂದು ಕೋಚಿಂಗ್ ಕ್ಲಾಸಿನ ಶಿಕ್ಷಕ. ಅವರ ಮಕ್ಕಳೆಲ್ಲ ನಮ್ಮ ಪುಸ್ತಕವನ್ನೇ ಓದುತ್ತಿದ್ದರು. ಕಾರ್ಖಾನೆಯ ಕೆಲಸಗಾರನ ಮಗಳೊಬ್ಬಳು ಸಂದರ್ಶನದಲ್ಲಿ ನಮ್ಮ 'ಗ್ಲ' ಪಟ್ಟಿಯಿಂದ ಗ್ಲೆಸ್ಪರ್ ಎಂಬ ಪದ ಬಳಸಿದಳಂತೆ. ಎದುರು ಕೂತವರು ಹಾಗೆಂದರೇನು ಎಂದರು. ಅವಳು ಪುಸ್ತಕದಲ್ಲಿದ್ದಂತೆಯೇ ಹೇಳಿದಳು: ಕಿಟಕಿಯ ಗಾಜಿನ ಮೇಲೆ ತಲೆಯೆಣ್ಣೆಯಿಂದ ಮೂಡುವ ಮಸುಕು ಕಲೆ. ಅವರು ಫೋನಿನಲ್ಲಿ ಹುಡುಕಿ ನಕ್ಕರು. ಹುಡುಗಿ ಹೊರಗೆ ಬಂದು ಅತ್ತಳು. ಇಂಥ ಪದ ಯಾವ ನಿಘಂಟಿನಲ್ಲಿದೆ, ಇದನ್ನು ಸೇರಿಸಿದವರ ಮೇಲೆ ಏನು ಕ್ರಮ ಕೈಗೊಂಡಿರಿ, ಸೋಮವಾರದೊಳಗೆ ತಿಳಿಸಿ ಎಂದು ಶಿಕ್ಷಕ ಬರೆದಿದ್ದರು.

ಮಾಲೀಕರು ನನ್ನನ್ನೂ ಬಾಯಾರನ್ನೂ ಒಳಗೆ ಕರೆದರು. ಅವರು ಆಡಿದ್ದು ಮರಾಠಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಬಾಯಿ, ಈ ಪದದ ಚೀಟಿ ತನ್ನಿ."

ಬಾಯಾರ ಡಬ್ಬಿ ತಂದರು. 'ಗ್ಲ' ಕಟ್ಟು ಬಿಚ್ಚಿ ನೋಡಿದರು. ಮತ್ತೊಮ್ಮೆ ನೋಡಿದರು. ಗ್ಲೆಸ್ಪರ್ ಇರಲಿಲ್ಲ.

"ಚೀಟಿ ಇಲ್ಲದ ಪದ ಪುಸ್ತಕದೊಳಗೆ ಹೇಗೆ ಬಂತು? ಟೈಪ್ ಮಾಡುವಾಗ ಮನಸ್ಸು ಎಲ್ಲಿತ್ತು?"

"ಚೀಟಿ ಇಲ್ಲದ ನಾ ಒಂದು ಅಕ್ಷರ ಹೊಡೆಯೋದಿಲ್ಲ ಸಾಹೇಬ್ರ."

ಮಾಲೀಕರು ನನ್ನ ಕಡೆ ತಿರುಗಿದರು. ಅವರ ಕಣ್ಣು ಕೇಳುತ್ತಿದ್ದದ್ದು ನನಗೆ ತಿಳಿಯಿತು, ಅಥವಾ ಈಗ ತಿಳಿಯಿತು ಎಂದು ಅನಿಸುತ್ತಿದೆ. ಗಾಳದ ಸಂಗತಿಯನ್ನು ಬಾಯಿ ಬಿಡಬೇಡ ಎಂದು. ಬಿಟ್ಟರೆ, ಗೊತ್ತಿದ್ದೂ ಮಕ್ಕಳಿಗೆ ಸುಳ್ಳು ಪದ ಮಾರಿದರು ಎಂದಾಗುತ್ತದೆ.

"ಈ ಪದ ನೀವು ಕೊಟ್ಟದ್ದೇ?"

ನಾನು ಹೇಳಿದ್ದು: "ಖಚಿತವಾಗಿ ಹೇಳಲಾರೆ. ನೆನಪಿಲ್ಲ."

ಅದು ಸುಳ್ಳಾಗಿರಲಿಲ್ಲ. ಅದೇ ನನ್ನ ಮೈ ಉರಿಸುವುದು. 'ಗ್ಲ' ಪಟ್ಟಿಯಲ್ಲಿ ಒಂದು ಗಾಳ ಇಟ್ಟದ್ದು ನನಗೆ ನೆನಪಿತ್ತು. ಆದರೆ ಅದು ಗ್ಲೋಕಿಡ್ ಎಂದು ನನ್ನ ತಲೆ ಹೇಳುತ್ತಿತ್ತು. ಪಾಪಸುಕಳ್ಳಿಯ ಮೇಲಿನ, ಕೊಕ್ಕೆಯಿರುವ ಸಣ್ಣ ಕೂದಲುಮುಳ್ಳು ಎಂದು ಅದಕ್ಕೆ ಅರ್ಥ ಕಟ್ಟಿದ್ದನ್ನು ಕಂಡಂತೆ ನೆನಪು. ಪಟ್ಟಿಗೆ ಒಂದೇ ಗಾಳ ಇಡುತ್ತಿದ್ದೆ, ಹಾಗಾಗಿ ಗ್ಲೆಸ್ಪರ್ ನನ್ನದಲ್ಲ ಅನಿಸಿತು. ನನ್ನದಿರಲೂಬಹುದು ಅನಿಸಿತು. ವಿಶ್ವವಿದ್ಯಾಲಯದಲ್ಲಿ ಇಂಥ ಉತ್ತರಕ್ಕೆ ಪ್ರಾಮಾಣಿಕತೆ ಎನ್ನುತ್ತಾರೆ. ಆ ಕೋಣೆಯಲ್ಲಿ ಅದರ ಅರ್ಥ, ತಪ್ಪು ಬಾಯಾರದು ಎಂದಾಯಿತು.

"ಸರಿ," ಎಂದರು ಮಾಲೀಕರು. "ಸೋಮವಾರ ಉತ್ತರ ಹೋಗಬೇಕು. ತಪ್ಪು ಮಾಡಿದವರನ್ನು ಕೆಲಸದಿಂದ ತೆಗೆದಿದ್ದೇವೆ ಎಂದು ಬರೆಯುತ್ತೇನೆ. ಬಾಯಿ, ಶನಿವಾರದವರೆಗೆ ಬನ್ನಿ."

ಹದಿನಾಲ್ಕು ವರ್ಷಕ್ಕೆ ಒಂದು ವಾಕ್ಯ.

ಶುಕ್ರವಾರ ನಾನು ಆ ಡಬ್ಬಿ ಮುಂದಿಟ್ಟುಕೊಂಡು ಕೂತೆ. ಅಚ್ಚಾದ ಪಟ್ಟಿಯ ಒಂದೊಂದು ಪದಕ್ಕೂ ಚೀಟಿ ಹುಡುಕುವುದು. ಗ್ಲಾಸ್, ಗ್ಲವ್, ಗ್ಲೂ, ಗ್ಲಾಡ್: ಎಡಗಡೆಯವು, ಎಲ್ಲ ಇದ್ದವು. ಗ್ಲೀನ್, ಸುಗ್ಗಿ ಮುಗಿದ ಹೊಲದಲ್ಲಿ ಹಕ್ಕಲು ಆಯುವುದು. ಗ್ಲೋಮಿಂಗ್, ಮುಸ್ಸಂಜೆ. ಗ್ಲೀಬ್, ಚರ್ಚಿನ ಪಾದ್ರಿಯ ಪಾಲಿನ ಜಮೀನು. ನಮ್ಮ ಕಡೆಯ ಇನಾಂ ಭೂಮಿಯ ಹಾಗೆ ಎಂದು ನಾನು ಸೇರಿಸಿದ್ದೆ. ಗ್ಲೇಬ್ರಸ್, ಕೂದಲಿಲ್ಲದೆ ನುಣ್ಣಗಿರುವ. ಗ್ಲಿಬ್, ತಡವರಿಸದೆ ಮಾತು ಜಾರಿಸುವ, ಆದರೆ ನಂಬಲಾಗದ. ಗ್ಲೋಜ್, ಆದ ತಪ್ಪನ್ನು ನಯವಾದ ವಿವರಣೆಯಿಂದ ಮುಚ್ಚಿಬಿಡುವುದು. ಈ ಕೊನೆಯ ಚೀಟಿ ಕೈಯಲ್ಲಿದ್ದಾಗ ಒಳಗಿನ ಕೋಣೆಯಿಂದ ಮಾಲೀಕರು ಫೋನಿನಲ್ಲಿ ಯಾರಿಗೋ, ಟೈಪಿಂಗಿನವರ ಹೊಣೆಗೇಡಿತನ ನೋಡಿ, ಎನ್ನುವುದು ಕೇಳಿಸುತ್ತಿತ್ತು. ಚೀಟಿಯನ್ನು ಅವರ ಮುಖಕ್ಕೆ ಎಸೆಯಬೇಕು ಅನಿಸಿತು. ಎಸೆಯಲಿಲ್ಲ. ಡಬ್ಬಿಗೆ ಹಾಕಿದೆ.

ಆಮೇಲೆ ಸಿಕ್ಕಿತು ಗ್ಲೋಕಿಡ್. ಚೀಟಿ ಇತ್ತು! ನನ್ನದೇ ಅಕ್ಷರ. ದೊಡ್ಡ ನಿಘಂಟು ತೆಗೆದು ನೋಡಿದೆ. ಅಲ್ಲೂ ಇತ್ತು. ಪಾಪಸುಕಳ್ಳಿಯ ಕೊಕ್ಕೆಮುಳ್ಳು ಎನ್ನುವುದೇ ಅರ್ಥ. ನಾನು ಕಟ್ಟಿದ್ದೆ ಎಂದು ಕಂಡಂತೆ ನೆನಪಿದ್ದ ಸುಳ್ಳು ನಿಜವಾದ ಪದವಾಗಿತ್ತು. ಪಟ್ಟಿಯಲ್ಲಿ ಚೀಟಿ ಇಲ್ಲದ್ದು ಒಂದೇ, ಗ್ಲೆಸ್ಪರ್.

ಇಷ್ಟು ಸಾಕಿತ್ತು. ಬೇರೆ ಯಾರಿಗಾದರೂ ಸಾಕಾಗುತ್ತಿತ್ತು. ಆದರೆ ನನ್ನ ದರಿದ್ರ ತಲೆ ಮತ್ತೆ ವಾದ ಹೂಡಿತು: ಚೀಟಿ ಇಲ್ಲ ಎನ್ನುವುದಕ್ಕೆ ನಾನು ಹರಿದೆ ಎಂಬ ಅರ್ಥವೂ ಇದೆ, ಬಾಯಾರ ತಾವೇ ಸೇರಿಸಿದರು ಎಂಬ ಅರ್ಥವೂ ಇದೆ. ಒಂದೇ ಪುರಾವೆ, ಎರಡು ಕಡೆಗೂ ಸಲ್ಲುತ್ತದೆ. ಹೀಗೆ ಯೋಚಿಸುತ್ತ ವಾಕಡದ ಬಸ್ಸಿನಲ್ಲಿ ಮನೆಗೆ ಹೋದೆ.

ಶನಿವಾರ ಮಧ್ಯಾಹ್ನ ಬಾಯಾರ ತಮ್ಮ ಮೇಜಿನ ಖಾನೆ ಖಾಲಿ ಮಾಡುತ್ತಿದ್ದರು. ಒಂದು ಸ್ಟೀಲಿನ ಲೋಟ, ಸ್ವೆಟರು, ಕನ್ನಡಕದ ಡಬ್ಬಿ. ನಾನು ಪಕ್ಕದ ಕುರ್ಚಿ ಎಳೆದುಕೊಂಡು ಗಾಳದ ಪದಗಳ ಸಂಗತಿ ಹೇಳಿದೆ. ಎಲ್ಲವನ್ನೂ. ಅವರು ಸ್ವೆಟರು ಮಡಚುವುದನ್ನು ನಿಲ್ಲಿಸಿದರು.

"ಅಂದ್ರ ಇಷ್ಟು ವರ್ಷ ನಾ ಸುಳ್ಳು ಪದ ಹೊಡದೀನಿ?"

"ಎಲ್ಲಾ ಅಲ್ಲರಿ. ಪಟ್ಟಿಗೊಂದು."

"ಪಟ್ಟಿಗೊಂದಂತ! ನನ್ನ ಮಗಳು ಇದೇ ಪುಸ್ತಕ ಓದ್ಯಾಳ್ರಿ. ನಾನಽ ಕೂತು ಬಾಯಿಪಾಠ ಮಾಡಸೀನಿ." ಸ್ವೆಟರನ್ನು ಚೀಲಕ್ಕೆ ತುರುಕಿ ಅಂದರು: "ಅದಕ್ಕಽ ನೀವು ಆಗಾಗ ಬಂದು, ಅಕ್ಷರ ಛಂದ ಬಂದಿಲ್ಲ, ತಿದ್ದಿ ಕೊಡ್ತೀನಿ ಅಂತ ಚೀಟಿ ಒಯ್ತಿದ್ರಿ. ಒಂದೂ ತಿರುಗಿ ಬರಲಿಲ್ಲ. ನಾ ಏನ ತಿಳಕೊಂಡಿದ್ದೆ ಗೊತ್ತೇನ್ರಿ? ಸರ ಭಾಳ ನಾಜೂಕಿನವರು, ತಮ್ಮ ಅಕ್ಷರಕ್ಕ ತಾವಽ ನಾಚ್ಕೋತಾರ ಅಂತ."

"ಇದರ ಚೀಟಿ ಒಯ್ದಿದ್ದೆನೇನ್ರಿ? ಗ್ಲೆಸ್ಪರ್‌ದು?"

"ನನಗ ನೆನಪಿಲ್ಲ. ಸುಳ್ಳು ಯಾಕ ಹೇಳ್ಲಿ."

ತನ್ನ ಕೆಲಸ ಹೋಗುತ್ತಿರುವಾಗಲೂ ಆ ಹೆಂಗಸು ಹೌದು ಎನ್ನಲಿಲ್ಲ. ನಾನು ಒಳಗೊಳಗೇ ಕುಗ್ಗಿದೆ. ಆದರೂ ನನ್ನ ನಾಲಗೆ ಸುಮ್ಮನಿರಲಿಲ್ಲ. "ನೋಡ್ರಿ, ಈ ಅರ್ಥ ಬರೆದವರು ದಿನಾ ಕಿಟಕಿ ಪಕ್ಕ ಕೂತು ಹೋಗೋರು ಇರಬೇಕು. ನಾನು ಬಸ್ಸಿನಾಗ ಹೋಗ್ತೀನಿ, ನೀವು ರೈಲಿನಾಗ. ರೈಲಿಗೂ ಗಾಜಿನ ಶಟರ್ ಇರ್ತಾವ, ಹಂಗಾಗಿ ಇದರಿಂದ ಏನೂ..."

ಬಾಯಾರ ನನ್ನನ್ನೇ ನೋಡಿದರು. ಆ ನೋಟವನ್ನು ಮಾತ್ರ ನಾನು ತಪ್ಪಾಗಿ ನೆನಪಿಟ್ಟಿರಲಾರೆ.

"ಸರ, ತಳೇಗಾಂವ ಲೋಕಲ್‌ನಾಗ ನೀವು ಒಮ್ಮೆಯಾದ್ರೂ ಬಂದೀರೇನು? ಗಾಜಿನ ಮ್ಯಾಲಿನ ಎಣ್ಣಿ ಕಲೆ ನೋಡಬೇಕಂದ್ರ ಮೊದಲ ಕಿಟಕಿ ತನಕ ಹೋಗಬೇಕಲ್ರಿ. ಹದಿನಾಕು ವರ್ಷ ನಾ ಮಂದಿ ಬೆನ್ನು ನೋಡ್ಕೋತ ಬಂದೀನಿ. ನನಗ ಪದ ಹುಟ್ಟಸೋ ಪುರಸೊತ್ತು ಇದ್ದಿದ್ರ ಬೆನ್ನಿನ ಮ್ಯಾಲೆ ಹುಟ್ಟಸ್ತಿದ್ದೆ."

ನನಗೆ ನಗು ಬಂತು, ನಕ್ಕದ್ದಕ್ಕೆ ನಾಚಿಕೆಯೂ ಬಂತು. ಅವರು ನಗಲಿಲ್ಲ.

ಭಾನುವಾರವಿಡೀ ನನ್ನ ಮೇಲೆ ನಾನೇ ಹರಿಹಾಯ್ದೆ. ಚೀಟಿ ಹರಿದ ನೆನಪು ಬರಲಿ ಎಂದು ಕಾದೆ. ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಯಾರು ಯಾವ ಪದ ಬರೆದರು ಎಂಬುದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ ಎಂದು ತಿಳಿಯುವುದಕ್ಕೆ ನನಗೆ ಆ ದಿನ ಬೇಕಾಯಿತು. ಪದ ಹುಟ್ಟಿಸುವ ಕೆಲಸ ನನ್ನದು, ಹುಟ್ಟಿಸಿ ಎಂದು ಹೇಳಿದವರು ಮಾಲೀಕರು, ಏನೂ ಗೊತ್ತಿಲ್ಲದೆ ಟೈಪ್ ಮಾಡಿದವರು ಮನೆಗೆ ಹೋಗುವವರು. ಇದರಲ್ಲಿ ಸಂಶಯಪಡಲು ಏನಿತ್ತು? ನನ್ನ ಸಂಶಯ ಯಾವಾಗಲೂ ನನಗೆ ಅನುಕೂಲವಾಗುವ ಕಡೆಯೇ ಏಕೆ ಬಂದು ನಿಲ್ಲುತ್ತದೆ?

ಸೋಮವಾರ ಬೆಳಿಗ್ಗೆ ಮಾಲೀಕರ ಎದುರು ನಿಂತು, ಗ್ಲೆಸ್ಪರ್ ನಾನು ಹುಟ್ಟಿಸಿದ ಪದ ಎಂದೆ.

"ಅರೇ, ಗುರುವಾರ ನೆನಪಿಲ್ಲ ಎಂದಿರಿ. ಈಗ ನೆನಪಾಯಿತೇ?"

"ಆಯಿತು."

ಅದು ಸುಳ್ಳು. ನಾನು ಹೇಳಿದವುಗಳಲ್ಲೆಲ್ಲ ಅದೊಂದರ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ.

ಮಾಲೀಕರು ತುಸು ಹೊತ್ತು ಪೆನ್ನು ತಿರುಗಿಸಿದರು. ಆಮೇಲೆ ಮುಖ ಅರಳಿತು. "ಹಾಗಾದರೆ ಯಾರನ್ನೂ ತೆಗೆಯುವುದು ಬೇಡ. ಮುದ್ರಣ ದೋಷ ಎಂದು ಬರೆದುಬಿಡೋಣ. ಬಾಯಿಗೆ ಫೋನ್ ಮಾಡಿ, ಬರಲಿ."

ಗೆದ್ದೆ ಎಂದುಕೊಂಡು ನಾನೇ ಫೋನ್ ಮಾಡಿದೆ. ಮಾಲೀಕರ ಮಾತನ್ನು ಹಾಗೇ ಹೇಳಿದೆ.

"ಮುದ್ರಣ ದೋಷ ಅಂದ್ರ ಯಾರ್ರಿ?" ಎಂದರು ಬಾಯಾರ. "ಅಲ್ಲಿ ಅಕ್ಷರ ಹೊಡೆಯೋಕಿ ನಾನೊಬ್ಬಾಕಿ. ಮತ್ತ ನನ್ನ ತಲೀಗೇ ಬಂತಲ್ಲ. ಈ ಸಲ ನಿಮ್ಮ ಕೈಯಿಂದ."

ನನಗೆ ಅದು ಹೊಳೆದೇ ಇರಲಿಲ್ಲವಲ್ಲ! ನಯವಾದ ಎರಡು ಶಬ್ದ ಕೇಳಿ ನಾನೂ ಖುಷಿಯಾಗಿದ್ದೆ.

ಆ ಮಧ್ಯಾಹ್ನ ಅವರು ಬಂದರು. ನಾನು ಶಿಕ್ಷಕರಿಗೆ ಬೇರೆ ಪತ್ರ ಬರೆದಿದ್ದೆ, ಕಚೇರಿಯ ಕಾಗದದ ಮೇಲಲ್ಲ. ಗ್ಲೆಸ್ಪರ್ ಎಂಬ ಪದ ಇಲ್ಲ. ಕಳ್ಳರನ್ನು ಹಿಡಿಯಲು ನಾವು ಇಂಥ ಪದಗಳನ್ನು ಬೇಕೆಂದೇ ಹುಟ್ಟಿಸುತ್ತೇವೆ. ಹುಟ್ಟಿಸಿದವನು ನಾನು, ಟೈಪ್ ಮಾಡಿದವರದು ಏನೂ ತಪ್ಪಿಲ್ಲ. ಬೇರೆ ಪಟ್ಟಿಗಳಲ್ಲೂ ಇವೆ. ನೆನಪಾದಷ್ಟನ್ನು ಕೆಳಗೆ ಕೊಟ್ಟಿದ್ದೇನೆ, ನೆನಪಾಗದವೂ ಇವೆ, ದಯವಿಟ್ಟು ಬಲಗಡೆಯ ಪ್ರತಿ ಪದವನ್ನೂ ನಿಘಂಟಿನಲ್ಲಿ ನೋಡಿಯೇ ಕಲಿಸಿ. ಆ ಹುಡುಗಿಯ ಕ್ಷಮೆ ಕೇಳಿದ್ದೆ. ಈ ಪತ್ರದಿಂದ ನನ್ನ ಕೆಲಸ ಹೋಯಿತು, ಎರಡೇ ದಿನದಲ್ಲಿ. ಬಾಯಾರದು ಉಳಿಯಿತು; ಶಿಕ್ಷಕರ ಕೈಗೆ ಅವರದು ತಪ್ಪಿಲ್ಲವೆಂಬ ಬರಹ ಸಿಕ್ಕಿದ ಮೇಲೆ ಮಾಲೀಕರಿಗೆ ಅವರನ್ನು ತೆಗೆಯುವ ದಾರಿ ಇರಲಿಲ್ಲ.

ಆ ಮಧ್ಯಾಹ್ನ, ಪತ್ರ ಕಳಿಸುವ ಮೊದಲು, ನಾನು ಬರೆದದ್ದನ್ನು ಬಾಯಾರ ಒಂದು ಸಲ ಓದಿದರು. ಥ್ಯಾಂಕ್ಸ್ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಕೂತು ಟೈಪ್ ಮಾಡಿ ಎರಡು ಪ್ರತಿ ತೆಗೆದರು. ಎರಡರ ಮೇಲೂ ನನ್ನ ಸಹಿ ಹಾಕಿಸಿ, ಒಂದನ್ನು ತಮ್ಮ ಚೀಲಕ್ಕೆ ಸೇರಿಸಲು ಹೋದವರು ಮತ್ತೆ ತೆಗೆದು ನನ್ನ ಮುಂದಿಟ್ಟರು.

"ತಾರೀಖೂ ಹಾಕ್ರಿ," ಎಂದರು. "ನಾಳೆ ಮತ್ತ ನೆನಪಿಲ್ಲ ಅಂತೀರಿ."