ಭಾಷಣ ಹೊಡೆದುಕೊಂಡ ಮಾರ್ತಮ್ಮ

‘ಸಹೋದರಿತ್ವ ಮತ್ತು ಸೇವೆ’ಯ ಬಗ್ಗೆ ಯಾರು ಭಾಷಣ ಮಾಡಬೇಕೆಂದು ನಾನೂ ಗೆಳತಿ ಸುಗುಣಾಳೂ ಜಗಳಕ್ಕೆ ಬಿದ್ದೆವು. ಹೊಸಪೇಟೆಯ ನಮ್ಮ ಚರ್ಚಿನ ಮಹಿಳಾ ಸಮ್ಮೇಳನದ ತಯಾರಿ ಸಭೆ ಅದು. ಇಬ್ಬರೂ ಮುಖ ತಿರುಗಿಸಿ ಕೂತಾಗ, ಬಂಡ್ರಿಯಿಂದ ಬಂದಿದ್ದ ಹಿರಿಯರಾದ ಮಾರ್ತಮ್ಮ ನಮ್ಮ ನಡುವೆ ಉಳ್ಳಾಗಡ್ಡಿ ಬುಟ್ಟಿ ತಂದಿಟ್ಟರು.

“ಮಾತಾಡೋದು ಬ್ಯಾಡ. ಊಟಕ್ಕ ಇವನ್ನ ಹೆಚ್ರಿ, ಸಾಕು.”

ಅರ್ಧ ಬುಟ್ಟಿ ಮುಗಿಯುವಷ್ಟರಲ್ಲಿ ನನಗೆ ಕಣ್ಣು ಬಿಡಲಾಗಲಿಲ್ಲ. ತಾನೂ ಅಳುತ್ತಲೇ ಸುಗುಣಾ ಸೆರಗಿನಿಂದ ನನ್ನ ಕಣ್ಣೊರೆಸಿದಳು. ಇಬ್ಬರಿಗೂ ನಗು ಬಂತು.

“ಅತ್ತು ರಾಜಿ ಆಗ್ಯಾರ. ಇನ್ನ ಇವರಿಗೆ ಭಾಷಣ ಯಾಕ್ರಿ? ನಾನ ಮಾಡ್ತೀನಿ,” ಎಂದು ಮಾರ್ತಮ್ಮ ಸಭೆಗೆ ಹೇಳಿದರು. ಎಲ್ಲರೂ ಒಪ್ಪಿಬಿಟ್ಟರು.

ಸುಗುಣಾಳ ಮೇಲಿನ ಸಿಟ್ಟು ಅಂದೇ ಹೋಯಿತು. ಈಗ ನಮ್ಮಿಬ್ಬರಿಗೂ ಸಿಟ್ಟು ಮಾರ್ತಮ್ಮನ ಮೇಲೆ. ಅವರನ್ನು ಬೈಯಲೆಂದೇ ದಿನಾ ಸಂಜೆ ಒಟ್ಟಿಗೆ ಚಹಾ ಕುಡಿಯುತ್ತೇವೆ.