ಪೂರಾ ಅಂಕ ಬೇಡವೆಂದವರು

ಮೇಡಂ ಅವರ ಎಡಗೈಯ ಕಿರುಬೆರಳು ಸೊಟ್ಟಗಿತ್ತು. ಚಿಕ್ಕಂದಿನಲ್ಲಿ ರಾಗಿ ಬೀಸುವ ಕಲ್ಲಿಗೆ ಸಿಕ್ಕಿತ್ತಂತೆ. ಆ ಬೆರಳಿನಲ್ಲೇ ಕಾಗದದ ಮೂಲೆ ಒತ್ತಿ ಹಿಡಿದು, ಸ್ಟೀಲಿನ ಸ್ಕೇಲಿಟ್ಟು ಅಳೆಯುತ್ತಿದ್ದರು. ಅಳೆಯುತ್ತಿದ್ದುದು ಅವರಿಗೂ ನನಗೂ ನಡುವಿನ ನಂಟನ್ನು.

ಅವರು ಆಪ್ತಸಮಾಲೋಚಕಿ. ಮಂಗಳವಾರ ಮಂಗಳವಾರ ಸಾಲಿಗ್ರಾಮದಿಂದ ಹುಣಸೂರಿಗೆ ಬಸ್ಸಿನಲ್ಲಿ ಬಂದು, ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂರುತ್ತಿದ್ದರು. ನನ್ನ ಹೆಂಡತಿ ತೀರಿಕೊಂಡು ಏಳು ತಿಂಗಳಾಗಿತ್ತು. ಹನಗೋಡಿನ ಜಗಲಿಯಲ್ಲಿ ಕತೆ ಹೇಳಿ ಜನರನ್ನು ನಗಿಸುತ್ತಿದ್ದ ನನಗೆ ಬಾಯೇ ಕಟ್ಟಿಹೋಗಿತ್ತು. ತಂಗಿ ಬಲವಂತ ಮಾಡಿ ಕರೆತಂದು ಅವರೆದುರು ಕೂರಿಸಿದ್ದಳು.

ಮಾತು ಮುಗಿದ ಮೇಲೆ ಒಂದು ಕಾಗದ ಕೊಡುವರು. ಅದರಲ್ಲಿ ಹತ್ತು ಸೆಂಟಿಮೀಟರಿನ ಗೆರೆಗಳು. ಗೆರೆಯ ಮೇಲೆ ‘ಇವತ್ತು ನನ್ನ ಮಾತನ್ನು ಕೇಳಿಸಿಕೊಂಡರು’ ಎಂದು ಬರೆದಿದ್ದರೆ, ಎಡತುದಿ ಎಂದರೆ ಏನೂ ಇಲ್ಲ, ಬಲತುದಿ ಎಂದರೆ ಪೂರ್ತಿ; ನಡುವೆ ಎಲ್ಲಾದರೂ ಗುರುತು ಹಾಕಬೇಕು. ನಾನು ಯಾವಾಗಲೂ ಬಲತುದಿಗೇ. ಬಡಿಸಿದವರು ಎದುರಿಗೇ ನಿಂತು ಸಾರು ಹೇಗಿದೆ ಎಂದರೆ ಉಪ್ಪು ಕಡಿಮೆ ಎನ್ನುವ ಜನ ನಾವಲ್ಲ.

“ಇದೇನಣ್ಣ, ವಾರವಾರ ಹತ್ತಕ್ಕೆ ಹತ್ತು? ನಾನೇನು ಎಸ್ಸೆಲ್ಸಿ ಬರ್ದಿದ್ದೀನಾ?”

“ಬುಡಿ ಮೇಡಂ. ಅಷ್ಟ್ ದೂರದಿಂದ ಬತ್ತೀರಿ, ಕಮ್ಮಿ ಆಕಕ್ಕಾಯ್ತದಾ?”

“ಕಮ್ಮಿ ಹಾಕಿದ್ರೇನೇ ನಂಗೆ ದಾರಿ ಗೊತ್ತಾಗೋದು ಕಣಣ್ಣ.”

ಐದನೇ ವಾರ ಒಳಗೊಳಗೇ ಕುದಿಯುತ್ತಿದ್ದೆ. ಆದರೂ ಹತ್ತೇ ಹಾಕಿದೆ. ಇನ್ನು ಈ ಕಡೆ ತಲೆ ಹಾಕಬಾರದೆಂದು ತೀರ್ಮಾನಿಸಿ ಎದ್ದೆ. ಮೆಟ್ಟಿಲಿಳಿಯುವಾಗ ಮೇಡಂ ಹಿಂದೆಯೇ ಬಂದರು, ಕೈಯಲ್ಲಿ ಕಾಗದ.

“ಗುರುತು ಹತ್ತರಲ್ಲೇ ಇದೆ. ಆದ್ರೆ ಪೆನ್ನು ಕಾಗದಾನೇ ಹರ್ದಿದೆ. ಇದ್ಯಾವ ಥರದ ಹತ್ತಣ್ಣ?”

ಕಾಗದ ಇಸಿದುಕೊಂಡು, ಗೋಡೆಗೆ ಒತ್ತಿ, ಎಡತುದಿಯ ಹತ್ತಿರ ಇನ್ನೊಂದು ಗುರುತು ಎಳೆದೆ. ಅವರ ಮುಖ ಬಾಡಿತು. ಆದರೂ, “ಎಲ್ಲಿ ತಪ್ಪಿದೆ, ಹೇಳಿ” ಎಂದರು.

“ಐದ್ ವಾರದಿಂದ ನಿಮ್ಮ ಮಿಸೆಸ್ಸು, ನಿಮ್ಮ ಮಿಸೆಸ್ಸು ಅಂತೀರಿ. ಅವ್ಳಿಗೂ ಒಂದು ಎಸ್ರಿತ್ತು ಮೇಡಂ. ಒಂದ್ಸಲನಾದ್ರೂ ಕೇಳುದ್ರಾ?”

ಆಗ ಕೇಳಿದರು. ನಾನು ಬಾಯಿ ತೆರೆದರೆ ಹೆಸರು ಬರಲಿಲ್ಲ. ಇಪ್ಪತ್ತೆಂಟು ವರ್ಷ ನಾನೂ ಅವಳನ್ನು ಹೆಸರು ಹಿಡಿದು ಕರೆದವನಲ್ಲ. “ಏ ಇವ್ಳೇ” ಅಂದರೆ ಓಗೊಡುತ್ತಿದ್ದಳು. ಮೇಡಂ ಅವಸರ ಮಾಡಲಿಲ್ಲ. ಸೀರೆ ಸಾವರಿಸಿಕೊಂಡು ಮೆಟ್ಟಿಲ ಮೇಲೇ ಕುಳಿತರು. ಅಂಗಡಿಗೆ ಬಂದವರೆಲ್ಲ ತಲೆಯೆತ್ತಿ ನೋಡುತ್ತಿದ್ದರು. ಎಷ್ಟೋ ಹೊತ್ತಿನ ಮೇಲೆ “ಪುಟ್ಟತಾಯಿ” ಎಂದೆ. ಅಂದದ್ದೇ ತಡ, ಏಳು ತಿಂಗಳ ಅಳು ಒಟ್ಟಿಗೇ ಬಂತು.

ಕಳೆದ ವರ್ಷ ಗಂಡನಿಗೆ ವರ್ಗವಾಗಿ ಮೇಡಂ ದೂರದ ಊರಿಗೆ ಹೋದರು. ನಾನು ಮತ್ತೆ ಜಗಲಿಗೆ ಬರುತ್ತೇನೆ, ಕತೆಯನ್ನೂ ಹೇಳುತ್ತೇನೆ. ಆದರೆ ದಾರಿಯಲ್ಲಿ ಯಾರಾದರೂ “ಎಂಗಿದ್ದೀಯಣ್ಣ?” ಎಂದರೆ, ಚೆನ್ನಾಗಿವ್ನಿ ಎಂದು ಥಟ್ಟನೆ ಹೇಳಲು ಈಗ ಆಗುವುದಿಲ್ಲ. ಇವತ್ತು ನಿಜವಾಗಿ ಹೇಗಿದ್ದೇನೆ ಎಂದು ಒಂದು ಗಳಿಗೆ ಒಳಗೆ ನೋಡಿಕೊಳ್ಳುತ್ತೇನೆ. ತಲೆಯೆತ್ತುವಷ್ಟರಲ್ಲಿ ಕೇಳಿದವರು ಮುಂದೆ ಹೋಗಿರುತ್ತಾರೆ.