ಅಂಬಣ್ಣನ ಎಡಗೈ

ನಮ್ಮಣ್ಣ ಅಂಬಣ್ಣನ ಹಟ ಇಡೀ ಊರಿಗೇ ಗೊತ್ತಿತ್ತು. ತಿಂಥಣಿಯ ಅಂಬಿಗರು ನಾವು. ಜನರನ್ನು ಹೊಳೆ ದಾಟಿಸುವವನು ಮೊದಲು ತಾನು ನೀರಿಗಿಳಿದು ಆಳ ತೋರಿಸಬೇಕು. ಆ ರೂಢಿಯನ್ನು ಅವನು ಯಾದಗಿರಿಯ ದವಾಖಾನೆಗೂ ಹೊತ್ತುಕೊಂಡು ಹೋದ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಡಾಕ್ಟರ್ ಅಮೀನುದ್ದೀನರು ಹೈದರಾಬಾದಿನಿಂದ ಎಕ್ಸ್-ರೇ ಮಿಷನ್ ತರಿಸಿದ್ದರು, ಅಂಬಣ್ಣ ಅದನ್ನು ನಡೆಸುವ ಆಳು. ಮೈಯೊಳಗಿನ ಎಲುಬು ತೋರಿಸುವ ಯಂತ್ರವೆಂದರೆ ಜನ ಹೆದರದೆ ಇರುತ್ತಾರೆಯೇ? "ಯವ್ವಾ, ಜೀವಾನೇ ಎಳಕೊಂತದ!" ಎಂದು ಓಡುತ್ತಿದ್ದರು. ಆಗ ಇವನು ತನ್ನ ಎಡಗೈ ಒಡ್ಡಿ, ಪರದೆಯ ಮೇಲೆ ಎಲುಬು ತೋರಿಸುತ್ತಿದ್ದ. "ನೋಡ್ರಿ, ನನಗೇನಾಗೇದ? ಬರ್ರಿ."

ಡಾಕ್ಟರು ಬೈದರೂ ಕೇಳಲಿಲ್ಲ. "ಸುಡಂಗಿಲ್ಲ, ನೋಯಂಗಿಲ್ಲ, ಬಿಡ್ರಿ ಸಾಹೇಬ್ರ" ಎನ್ನುತ್ತಿದ್ದ.

ವರ್ಷಗಳು ಕಳೆದಂತೆ ಉಗುರು ಸೀಳಿದವು, ಚರ್ಮ ಒಣಗಿತು. ಆಮೇಲೆ ತೋರುಬೆರಳಿಗೆ ಎದ್ದ ಹುಣ್ಣು ಮಾಯಲೇ ಇಲ್ಲ. ಡಾಕ್ಟರು ನನ್ನನ್ನೂ ಕರೆಸಿದರು.

"ಹಣಮಂತಮ್ಮ, ಮೈ ಅಂದ್ರ ಕಣ್ಣಿಗೆ ಕಾಣದಂಥ ಜೀವಕಣಗಳ ರಾಶಿ. ಈ ಬೆಳಕು ಸ್ವಲ್ಪೇ ಬಿದ್ರೂ ಒಂದಿಷ್ಟು ಕೆಡ್ತಾವ. ಭಾಳಷ್ಟು ತಾವೇ ಸುಧಾರಿಸ್ಕೊಂತಾವ. ತಪ್ಪಾಗಿ ಸುಧಾರಿಸಿದ್ದು ಒಂದು ಉಳೀತಂದ್ರ, ಅದೇ ಬೆಳೀತಾ ಹೋಗ್ತದ. ಈಗ್ಲೇ ಕೈ ತೆಗೆದ್ರ ಜೀವ ಉಳೀತದ."

ಅಂಬಣ್ಣ ಒಪ್ಪಲಿಲ್ಲ. ತಾಯಿಯಿಲ್ಲದ ಮಗಳು ಸುಗಲಮ್ಮನ ಮದುವೆ ದೇವಾಪುರದಲ್ಲಿ ಗೊತ್ತಾಗಿತ್ತು. ಅಂಗ ಊನವಾದವನು ಧಾರೆ ಎರೆಯಬಾರದೆಂದು ನಮ್ಮವರ ನಂಬಿಕೆ.

"ನಾ ಬದುಕಿರಾಗ ಬ್ಯಾರೇದವ್ರ ಕೈಲೆ ಧಾರಿ ಎರಸಲೇನು? ಮದಿವಿ ಆಗ್ಲಿ, ಆಮ್ಯಾಲ ಕೊಯ್ರಿ. ಸುಗಲಿಗೆ ಇದು ಗೊತ್ತಾಗಬಾರದು, ನನ್ನಾಣಿ!"

ಬೈದೆ, ಅತ್ತೆ, ಕಾಲು ಹಿಡಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಅಷ್ಟರಲ್ಲಿ ಬೀಗರ ಮನೆಯಲ್ಲಿ ಸಾವಾಗಿ ಮದುವೆ ಮುಂದಕ್ಕೆ ಹೋಯಿತು. ಇವನು ಹುಣ್ಣಿನ ಕೈ ಇಟ್ಟುಕೊಂಡೇ ಕಾದ. ನನಗೆ ಆ ಬೀಗರ ಮೇಲೂ ಸಿಟ್ಟು, ಇವನ ಮೇಲೂ ಸಿಟ್ಟು.

ಅಂತೂ ಮದುವೆಯ ಹಂದರ ಎದ್ದಿತು. ಬೆರಳಿಗೆ ಬಟ್ಟೆ ಸುತ್ತಿಕೊಂಡು ಎರಡೂ ಕೈಯಿಂದ ಧಾರೆ ಎರೆದ. ಸುಣ್ಣದ ಗಾಯವೆಂದು ಮಗಳಿಗೆ ಹೇಳಿದ್ದ. ನೀರು ತಾಗಿದಾಗ ಅವನು ಹಲ್ಲು ಕಚ್ಚಿದ್ದು ನನಗೊಬ್ಬಳಿಗೇ ಕಂಡಿತು.

ಮದುವೆ ಮುಗಿಸಿ ದವಾಖಾನೆಗೆ ಹೋದರೆ, ಡಾಕ್ಟರು ಬಗಲಲ್ಲಿ ಎದ್ದಿದ್ದ ಗಂಟು ಮುಟ್ಟಿ ನೋಡಿ, ರೋಗ ಅಲ್ಲಿಗೂ ಹಬ್ಬಿದೆ ಎಂದರು. ಇನ್ನು ಕೈ ತೆಗೆದೂ ಉಪಯೋಗವಿರಲಿಲ್ಲ.

ಮುಂದಿನ ಬೇಸಿಗೆಗೆ ಅಣ್ಣ ತೀರಿಕೊಂಡ. ಅಂದೇ ನಾನು ಸುಗಲಮ್ಮನಿಗೆ ಎಲ್ಲ ಹೇಳಿದೆ. ಅವಳು ಹೆಣದ ಎದೆಯ ಮೇಲೆ ಬಿದ್ದು ಕೂಗಿದಳು:

"ನನಗ ಒಂದ್ ಮಾತು ಕೇಳಿದ್ದಿಲ್ಲಲ್ಲೋ ಯಪ್ಪಾ! ಕೇಳಿದ್ರ ಒಂಟಿಗೈಲೇ ಎರಿ ಅಂತಿದ್ದೆ!"